ಕಾರವಾರದ ಹಡಗು ವಿಮಾನ ನಿಲ್ದಾಣವೇ?

ಸಂಜಯನಗರದ ಮನೆಯೊಂದರ ತಾರಸಿಯ ಮೇಲೆ ನಿಂತು ಉತ್ತರಕ್ಕೆ ನೋಡಿ. ಆಗಾಗ ವಿಮಾನಗಳು ಕಾಣಿಸುತ್ತವೆ. ಆ ದಿಕ್ಕಿನಲ್ಲಿ ಜಕ್ಕೂರಿನ ವಿಮಾನ ಮೈದಾನವಿದೆ, ಯಲಹಂಕದ ವಾಯುನೆಲೆಯಿದೆ, ಅದರಾಚೆ ದೇವನಹಳ್ಳಿಯ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವಿದೆ. ಈ ಮೂರನ್ನೂ ನಕಾಶೆಯಲ್ಲಿ ಬೆರಳಿಟ್ಟು ತೋರಿಸಬಹುದು.

ಬೆರಳಿಟ್ಟು ತೋರಿಸಲಾಗದ ಇನ್ನೊಂದು ಜಾಗವಿದೆ. ಅದು ಐ.ಎನ್.ಎಸ್. ವಿಕ್ರಮಾದಿತ್ಯ ಎಂಬ ವಿಮಾನವಾಹಕ ಹಡಗು. ಇದರ ತವರು ಬಂದರು ನಮ್ಮ ಕಾರವಾರ. 2013ರಲ್ಲಿ ನೌಕಾಪಡೆಗೆ ಸೇರಿದ ಈ ಹಡಗಿನ ಉದ್ದ ಸುಮಾರು 284 ಮೀಟರ್. ಇದರ ಮೇಲಿಂದ ಯುದ್ಧವಿಮಾನಗಳು ಏರುತ್ತವೆ, ಇದರ ಮೇಲೆಯೇ ಇಳಿಯುತ್ತವೆ. ಹಾಗಾದರೆ ಇದೂ ಒಂದು ವಿಮಾನ ನಿಲ್ದಾಣ ತಾನೇ?

ಅಷ್ಟು ಸುಲಭವಾಗಿ ಹೌದು ಎನ್ನುವಂತಿಲ್ಲ. ಮೊದಲು ನೆಲದ ಮೇಲಿನ ನಿಲ್ದಾಣಕ್ಕೆ ಏನೇನಿದೆ ನೋಡೋಣ.

ಪ್ರತಿ ನಿಲ್ದಾಣಕ್ಕೂ ಅಕ್ಷಾಂಶ, ರೇಖಾಂಶ ಮತ್ತು ಸಮುದ್ರಮಟ್ಟದಿಂದ ಎತ್ತರ ಗೊತ್ತಾಗಿರುತ್ತದೆ. ದೇವನಹಳ್ಳಿಯದು ಸುಮಾರು 915 ಮೀಟರ್ ಎತ್ತರದಲ್ಲಿದೆ. ಓಡುದಾರಿಗೆ, ಅಂದರೆ ರನ್‌ವೇಗೆ, ಒಂದು ಸಂಖ್ಯೆಯೂ ಉಂಟು. ದಿಕ್ಸೂಚಿ ತೋರಿಸುವ ಕೋನವನ್ನು ಹತ್ತರಿಂದ ಭಾಗಿಸಿದರೆ ಆ ಸಂಖ್ಯೆ ಸಿಗುತ್ತದೆ. ಪೂರ್ವ ಎಂದರೆ 90 ಡಿಗ್ರಿ. ಆದ್ದರಿಂದ ದೇವನಹಳ್ಳಿಯಲ್ಲಿ ಪೂರ್ವಕ್ಕೆ ಮುಖಮಾಡಿ ಇಳಿದರೆ ಅದು 09, ಪಶ್ಚಿಮಕ್ಕೆ ಮುಖಮಾಡಿ ಇಳಿದರೆ ಅದೇ ದಾರಿ 27. ನಿಲ್ದಾಣದ ಸುತ್ತಲಿನ ಆಕಾಶಕ್ಕೂ ಗಡಿ ಹಾಕಿರುತ್ತಾರೆ. ಆ ಗಡಿಯೊಳಗೆ ಬರುವ ವಿಮಾನ ಅಲ್ಲಿನ ನಿಯಂತ್ರಕರ ಮಾತು ಕೇಳಬೇಕು. ಹತ್ತಿರದಲ್ಲಿ ಬಹಳ ಎತ್ತರದ ಕಟ್ಟಡ ಕಟ್ಟುವವರೂ ಒಪ್ಪಿಗೆ ಪಡೆಯಬೇಕು.

ಈಗ ಹಡಗಿಗೆ ಬರೋಣ. ಅದು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಚಲಿಸಬಲ್ಲದು. ಪೈಲಟ್ ಅರ್ಧ ಗಂಟೆ ಹಾರಾಡಿ ಬರುವಷ್ಟರಲ್ಲಿ ಅವನ ನಿಲ್ದಾಣ 25 ಕಿಲೋಮೀಟರ್ ದೂರ ಹೋಗಿರಬಹುದು. ಸಂಜಯನಗರದಿಂದ ಆಟವಾಡಲು ಹೋದ ಹುಡುಗ ಮರಳಿ ಬಂದಾಗ ಮನೆ ನೆಲಮಂಗಲದ ಹತ್ತಿರ ಹೋಗಿದ್ದರೆ ಹೇಗಿರುತ್ತದೆ? ಹಾಗೆಯೇ ಇದು! ಜೊತೆಗೆ, ವಿಮಾನ ಏರಲು ಇಳಿಯಲು ಎದುರುಗಾಳಿ ಬೇಕಾದ್ದರಿಂದ ಹಡಗು ಗಾಳಿ ಬರುವ ಕಡೆಗೆ ತಿರುಗಿಕೊಳ್ಳುತ್ತದೆ. ಗಾಳಿ ಬದಲಾದರೆ ಓಡುದಾರಿಯ ದಿಕ್ಕೂ ಬದಲು. ಇದಕ್ಕೆ ಯಾವ ಸಂಖ್ಯೆ ಬರೆಯುವುದು?

ಕಾನೂನು ಏನೆನ್ನುತ್ತದೆ? ನಮ್ಮ ದೇಶದ ವಿಮಾನಯಾನ ಕಾನೂನಿನ ಪ್ರಕಾರ, ವಿಮಾನ ಏರಿ ಇಳಿಯಲು ಗೊತ್ತುಮಾಡಿದ ನೆಲ ಅಥವಾ ನೀರಿನ ಪ್ರದೇಶವೇ ನಿಲ್ದಾಣ. ನೀರು ಎಂದ ಕೂಡಲೇ ಹಡಗೂ ಸೇರಿತು ಎಂದುಕೊಳ್ಳಬೇಡಿ. ನೀರಿನ ಮೇಲೆಯೇ ಇಳಿಯುವ ಸೀಪ್ಲೇನ್‌ಗಳಿಗಾಗಿ ಆ ಮಾತಿದೆ. ಯುರೋಪಿನ ನಿಯಮದಲ್ಲಿ ತೇಲುವ ಕಟ್ಟೆಯೂ ನಿಲ್ದಾಣವಾಗಬಹುದು. ಆದರೆ ಇವೆಲ್ಲ ಮುಖ್ಯವಾಗಿ ನಾಗರಿಕ ವಿಮಾನಗಳ ನಿಯಮಗಳು. 1944ರ ಷಿಕಾಗೋ ಒಪ್ಪಂದವೂ ಸೇನಾ ವಿಮಾನಗಳು ತನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದೇ ಹೇಳುತ್ತದೆ. ಹೀಗಾಗಿ ವಿಕ್ರಮಾದಿತ್ಯ ನಿಯಮದ ಕಣ್ಣಿಗೆ ನಿಲ್ದಾಣವಲ್ಲ, ಒಂದು ಯುದ್ಧನೌಕೆ.

ಅದರ ಮೇಲಿನ ಆಕಾಶ ಯಾರದು? ಕರಾವಳಿಯಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್‌ವರೆಗೆ ಆಕಾಶವೂ ನಮ್ಮದೇ. ಅದರಾಚೆಗೆ ಎಲ್ಲ ದೇಶಗಳ ವಿಮಾನಗಳಿಗೂ ಹಾರುವ ಸ್ವಾತಂತ್ರ್ಯವಿದೆ. ಹಡಗು ಹೋದಲ್ಲೆಲ್ಲ ದೇಶದ ಆಕಾಶವೂ ಹಿಂದೆ ಹೋಗುವುದಿಲ್ಲ. ಅಪಘಾತ ಆಗಬಾರದೆಂದು ನೌಕಾಪಡೆಗಳು ತಮ್ಮ ವಿಮಾನಗಳಿಗೆ ಮಾತ್ರ ನಿಯಮ ಮಾಡಿಕೊಳ್ಳುತ್ತವೆ. ಅಮೆರಿಕದ ನೌಕಾಪಡೆ ಹಡಗಿನ ಸುತ್ತ ಎಲ್ಲ ಕಡೆಗೂ 5 ನಾಟಿಕಲ್ ಮೈಲಿ ದೂರಕ್ಕೆ, 2500 ಅಡಿ ಎತ್ತರದವರೆಗೆ ಇಂತಹ ವಲಯ ಇಟ್ಟುಕೊಂಡಿದೆ. ನಾವು ನಡೆದಂತೆ ನಮ್ಮ ಕೊಡೆಯೂ ಬರುವ ಹಾಗೆ, ಹಡಗಿನ ಜೊತೆ ಆ ವಲಯವೂ ಸಾಗುತ್ತದೆ. ಬೇರೆಯವರ ವಿಮಾನಕ್ಕೆ ಎಚ್ಚರಿಕೆ ಕೊಡಬಹುದೇ ಹೊರತು ಆ ಆಕಾಶ ನಮ್ಮದು ಎನ್ನುವಂತಿಲ್ಲ.

ನಿಯಮದ ಹೆಸರು ಏನೇ ಇರಲಿ, ಪೈಲಟ್‌ಗೆ ಮಾತ್ರ ಅದು ಇಳಿಯಲೇಬೇಕಾದ ನೆಲ. ದೇವನಹಳ್ಳಿಯಲ್ಲಿ ಮಂಜು ಕವಿದರೆ ವಿಮಾನ ಚೆನ್ನೈಗೋ ಹೈದರಾಬಾದಿಗೋ ಹೋಗಬಹುದು. ನಡುಗಡಲಿನಲ್ಲಿ ಇಂಧನ ಮುಗಿಯುತ್ತಾ ಬಂದರೆ ಬೇರೆ ನೆಲ ಹತ್ತಿರ ಇರದೆ ಹೋಗಬಹುದು. ದೇವನಹಳ್ಳಿಯ ಓಡುದಾರಿ 4000 ಮೀಟರ್ ಉದ್ದ. ಹಡಗಿನಲ್ಲಿ ನಿಲ್ಲಲು ಸಿಗುವುದು ಸುಮಾರು 90 ಮೀಟರ್! ಆದ್ದರಿಂದ ವಿಮಾನದ ಹಿಂಬದಿಯ ಕೊಕ್ಕೆ, ಹಡಗಿನ ಮೇಲೆ ಅಡ್ಡಲಾಗಿ ಕಟ್ಟಿದ ಉಕ್ಕಿನ ಹಗ್ಗವೊಂದಕ್ಕೆ ಸಿಕ್ಕಿಕೊಳ್ಳಬೇಕು. ಗಂಟೆಗೆ 240 ಕಿಲೋಮೀಟರ್ ವೇಗ ಎರಡೂವರೆ ಸೆಕೆಂಡಿನಲ್ಲಿ ಸೊನ್ನೆಯಾಗುತ್ತದೆ. ವಿಚಿತ್ರವೆಂದರೆ, ಚಕ್ರ ತಾಗಿದ ಕ್ಷಣ ಪೈಲಟ್ ಎಂಜಿನ್ನಿನ ಶಕ್ತಿಯನ್ನು ಕಡಿಮೆ ಮಾಡುವುದಿಲ್ಲ, ಪೂರ್ತಿ ಹೆಚ್ಚಿಸುತ್ತಾನೆ. ಕೊಕ್ಕೆ ತಪ್ಪಿದರೆ ತಕ್ಷಣ ಮತ್ತೆ ಹಾರಿಬಿಡಬೇಕಲ್ಲ!

ಬೆಂಗಳೂರಿನಲ್ಲಿ ರೂಪುಗೊಂಡ ನೌಕಾ ತೇಜಸ್ ವಿಮಾನಕ್ಕೂ ಈ ಪರೀಕ್ಷೆ ಎದುರಾಯಿತು. ಮೊದಲು ಗೋವಾದಲ್ಲಿ, ನೆಲದ ಮೇಲೆ ಕಟ್ಟಿದ ಹಡಗಿನಂಥ ಅಟ್ಟಣೆಯಲ್ಲಿ ಅಭ್ಯಾಸ ನಡೆಯಿತು. ಅಲ್ಲಿ 2019ರ ಸೆಪ್ಟೆಂಬರ್‌ನಲ್ಲಿ ಅದರ ಕೊಕ್ಕೆ ಹಗ್ಗ ಹಿಡಿಯಿತು. ಬಳಿಕ 2020ರ ಜನವರಿ 11ರಂದು ಕಮೊಡೋರ್ ಜೈದೀಪ್ ಮಾವಳಂಕರ್ ಅದನ್ನು ವಿಕ್ರಮಾದಿತ್ಯದ ಮೇಲೆ ಇಳಿಸಿದರು.

ಹಡಗು ಕಾರವಾರಕ್ಕೆ ಮರಳಿ ಲಂಗರು ಹಾಕಿದಾಗ ಸಾಗುವ ವೇಗವೂ ಇಲ್ಲ, ಎದುರುಗಾಳಿಗೆ ತಿರುಗುವ ಜಾಗವೂ ಇಲ್ಲ. ಅದಕ್ಕೇ ಅದರ ಯುದ್ಧವಿಮಾನಗಳು ಸಾಮಾನ್ಯವಾಗಿ ಬಂದರು ಸೇರುವ ಮೊದಲೇ ಹಾರಿಹೋಗಿ ಗೋವಾದ ಐ.ಎನ್.ಎಸ್. ಹಂಸ ನೆಲೆಯಲ್ಲಿ ಇಳಿಯುತ್ತವೆ. ಅಲ್ಲಿನ ಓಡುದಾರಿಗೆ ಸಂಖ್ಯೆಯಿದೆ, ನಕಾಶೆಯಲ್ಲಿ ಅದರ ಮೇಲೆ ಬೆರಳಿಡಬಹುದು.