ಆಟದ ಮೌಸ್‌ಗಳ ಆಯ್ಕೆ: ಗ್ರಾಂ ಲೆಕ್ಕ, ವ್ಯಾಪಾರದ ಲೆಕ್ಕ

ಹಿತ್ತಾಳೆಯ ಪಾತ್ರೆಯಾಗಲಿ, ಬಾಗಿಲಿನ ಬೀಗವಾಗಲಿ, ಕೈಗೆ ಭಾರವೆನಿಸಿದರೆ ಅದು ಗಟ್ಟಿ ಸರಕು ಎಂಬ ನಂಬಿಕೆ ಮಾರುಕಟ್ಟೆಯಲ್ಲಿ ತಲೆಮಾರುಗಳಿಂದ ಬಂದುದು. ಈ ನಂಬಿಕೆಯನ್ನು ತಲೆಕೆಳಗು ಮಾಡಿರುವ ಸರಕುಗಳಲ್ಲಿ ಕಂಪ್ಯೂಟರ್ ಆಟಗಳಿಗೆ ಬಳಸುವ ಮೌಸ್ ಒಂದು. ಇಲ್ಲಿ ಸಾಮಾನ್ಯವಾಗಿ 100 ಗ್ರಾಂ ತೂಗುವ ಮಾದರಿಗಿಂತ 60 ಗ್ರಾಂ ತೂಗುವ ಮಾದರಿಗೆ ಬೆಲೆ ಹೆಚ್ಚು. ತೂಕವನ್ನೇ ಮುಖ್ಯ ಗುಣವೆಂದು ಪೆಟ್ಟಿಗೆಯ ಮೇಲೆ ಮುದ್ರಿಸುವ ಪರಿಪಾಠವೂ ಬೆಳೆದಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಮಳಿಗೆಗಳಿಂದ ಹಿಡಿದು ಜಿಲ್ಲಾ ಕೇಂದ್ರಗಳ ಕಂಪ್ಯೂಟರ್ ಅಂಗಡಿಗಳವರೆಗೆ, ಇಂತಹ ಸರಕನ್ನು ಕೇಳಿಕೊಂಡು ಬರುವವರಲ್ಲಿ ಕಾಲೇಜು ವಿದ್ಯಾರ್ಥಿಗಳೂ ಯುವ ಉದ್ಯೋಗಿಗಳೂ ಇರುತ್ತಾರೆ.

ಗ್ರಾಂ ಸಂಖ್ಯೆಯೊಂದನ್ನೇ ನೋಡಿ ದಾಸ್ತಾನು ಮಾಡುವ ವರ್ತಕರಿಗೆ ಎರಡು ಬಗೆಯ ನಷ್ಟ ಕಾದಿರುತ್ತದೆ. ಕೈಗೆ ಹೊಂದದೆ ಹಿಂದಿರುಗುವ ಸರಕು ಮೊದಲನೆಯದು. ಇನ್ನೂ ನಾಲ್ಕು ಗ್ರಾಂ ಹಗುರವಾದ ಹೊಸ ಮಾದರಿ ಬಂದೊಡನೆ ಬೇಡಿಕೆ ಕಳೆದುಕೊಂಡು ಕಪಾಟಿನಲ್ಲಿಯೇ ಉಳಿಯುವ ಸರಕು ಎರಡನೆಯದು. ಆದ್ದರಿಂದ ತೂಕ ಎಲ್ಲಿಯವರೆಗೆ ಉಪಯುಕ್ತ, ಎಲ್ಲಿಂದಾಚೆಗೆ ಅದು ಬರಿಯ ಪ್ರಚಾರ ಎಂಬುದನ್ನು ಅರಿಯುವುದು ವ್ಯಾಪಾರದ ದೃಷ್ಟಿಯಿಂದ ಅಗತ್ಯವಾಗಿದೆ.

ಭಾರದಿಂದ ಹಗುರದೆಡೆಗೆ

ಅಮೆರಿಕದ ಡಗ್ಲಾಸ್ ಎಂಗೆಲ್‌ಬಾರ್ಟ್ ಅವರು 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೌಸನ್ನು ಸಾರ್ವಜನಿಕವಾಗಿ ಪ್ರದರ್ಶಿಸಿದರು. ಅದಕ್ಕೆ ಕೆಲವು ವರ್ಷ ಮೊದಲು ತಯಾರಾದ ಮೊದಲ ಮಾದರಿಯ ಹೊರಕವಚ ಮರದ್ದಾಗಿತ್ತು. ಒಳಗೆ ಎರಡು ಚಕ್ರಗಳಿದ್ದವು. ಮುಂದೆ ಚಕ್ರಗಳ ಜಾಗಕ್ಕೆ ಉರುಳುವ ಗುಂಡು ಬಂದಿತು. 1999ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಬೆಳಕಿನ ನೆರವಿನಿಂದ ಚಲನೆಯನ್ನು ಗುರುತಿಸುವ ಮೌಸನ್ನು ಹೊರತಂದ ನಂತರ ಗುಂಡಿನ ಕಾಲ ಕ್ರಮೇಣ ಮುಗಿಯಿತು.

ಗುಂಡು ಹೋದರೂ ಭಾರದ ಮೋಹ ಹೋಗಲಿಲ್ಲ. 2005ರಲ್ಲಿ ಬಂದ ಲಾಜಿಟೆಕ್ ಜಿ5 ಮಾದರಿಯಲ್ಲಿ ಗ್ರಾಹಕರು ತಾವೇ ತೂಕ ಸೇರಿಸಿಕೊಳ್ಳಲು ಲೋಹದ ಬಿಲ್ಲೆಗಳ ವ್ಯವಸ್ಥೆಯಿತ್ತು. 2014ರ ಜಿ502 ಮಾದರಿ 121 ಗ್ರಾಂ ತೂಗುತ್ತಿತ್ತು. ಅದರ ಜೊತೆಗೂ ತಲಾ 3.6 ಗ್ರಾಂ ತೂಕದ ಐದು ಬಿಲ್ಲೆಗಳನ್ನು ಕೊಡಲಾಗುತ್ತಿತ್ತು.

ಗಾಳಿ ಬದಲಾದದ್ದು 2018ರ ಆಸುಪಾಸಿನಲ್ಲಿ. ಜೇನುಗೂಡಿನಂತೆ ರಂಧ್ರಗಳಿರುವ ಹೊರಕವಚದ ಮೌಸ್‌ಗಳನ್ನು ಫೈನಲ್‌ಮೌಸ್ ಸಂಸ್ಥೆ ಜನಪ್ರಿಯಗೊಳಿಸಿತು. 2019ರಲ್ಲಿ ಗ್ಲೋರಿಯಸ್ ಸಂಸ್ಥೆಯ ಮಾಡೆಲ್ ಒ ಅದೇ ದಾರಿ ಹಿಡಿಯಿತು. 2020ರಲ್ಲಿ ಲಾಜಿಟೆಕ್ ಸಂಸ್ಥೆಯು ರಂಧ್ರಗಳಿಲ್ಲದ, 63 ಗ್ರಾಂ ಮೀರದ ವೈರ್‌ಲೆಸ್ ಮೌಸನ್ನು ಮಾರುಕಟ್ಟೆಗೆ ತಂದಿತು. ರೇಜರ್ ಸಂಸ್ಥೆಯ ವೈಪರ್ ಸರಣಿ 2022ರಲ್ಲಿ 58 ಗ್ರಾಂಗೂ 2024ರಲ್ಲಿ 54 ಗ್ರಾಂಗೂ ಇಳಿಯಿತು. ಹೀಗೆ ಕೆಲವೇ ವರ್ಷಗಳಲ್ಲಿ ಪ್ರಮುಖ ಮಾದರಿಗಳ ತೂಕ ಅರ್ಧಕ್ಕಿಂತಲೂ ಕೆಳಗೆ ಬಂದಿದೆ.

ಹಗುರದಿಂದ ಆಗುವ ಲಾಭವೆಷ್ಟು?

ಕೌಂಟರ್ ಸ್ಟ್ರೈಕ್, ವ್ಯಾಲೊರಂಟ್ ಮೊದಲಾದ ಗುರಿಯಿಡುವ ಆಟಗಳಲ್ಲಿ ನುರಿತ ಆಟಗಾರರು ಮೌಸಿನ ವೇಗವನ್ನು ಬೇಕೆಂದೇ ಕಡಿಮೆ ಇಟ್ಟುಕೊಳ್ಳುತ್ತಾರೆ. ಆಟದೊಳಗೆ ಒಂದು ಪೂರ್ಣ ಸುತ್ತು ತಿರುಗಲು ಮೌಸನ್ನು 40 ಸೆಂಟಿಮೀಟರಿನಷ್ಟು ಸರಿಸಬೇಕಾಗುವುದುಂಟು. ಪ್ಯಾಡಿನ ಅಂಚು ಬಂದಾಗ ಮೌಸನ್ನು ಎತ್ತಿ ಮತ್ತೆ ನಡುವಿಗೆ ತರಬೇಕು. ಗಂಟೆಗಟ್ಟಲೆ ಹೀಗೆ ಎತ್ತಿ ಇಡುವಾಗ ಮೌಸಿನ ಪೂರ್ಣ ತೂಕವನ್ನು ಹೊರುವುದು ಬೆರಳುಗಳು. ಹಗುರ ಮೌಸಿನ ನಿಜವಾದ ಲಾಭ ಇಲ್ಲಿದೆ.

ಎತ್ತದೆ ಸರಿಸುವಾಗ ಲೆಕ್ಕ ಬೇರೆಯಾಗುತ್ತದೆ. 65 ಕಿಲೋಗ್ರಾಂ ತೂಕದ ವ್ಯಕ್ತಿಯ ಹಸ್ತ ಸುಮಾರು 400 ಗ್ರಾಂ ತೂಗುತ್ತದೆ. ಮೌಸಿನ ಜೊತೆಗೆ ಹಸ್ತವೂ ಚಲಿಸಬೇಕಷ್ಟೆ. 120 ಗ್ರಾಂ ಮೌಸಿನ ಬದಲು 60 ಗ್ರಾಂ ಮೌಸನ್ನು ಹಿಡಿದರೆ ಒಟ್ಟು ತೂಕ 520 ಗ್ರಾಂನಿಂದ 460ಕ್ಕೆ, ಅಂದರೆ ಶೇ. 11ಕ್ಕೂ ಹೆಚ್ಚು ಇಳಿಯುತ್ತದೆ. 60 ಗ್ರಾಂನಿಂದ 50ಕ್ಕೆ ಇಳಿದಾಗ ಸಿಗುವ ಇಳಿಕೆ ಶೇ. 2ರ ಆಸುಪಾಸಿನದು ಮಾತ್ರ. ಮೊದಲ ಇಳಿಕೆ ಕೈಗೆ ತಿಳಿಯುತ್ತದೆ. ಎರಡನೆಯದು ಮುಖ್ಯವಾಗಿ ಬೆಲೆಪಟ್ಟಿಯಲ್ಲಿ ತಿಳಿಯುತ್ತದೆ. 80 ಗ್ರಾಂಗಿಂತ ಕೆಳಗಿನ ಮೌಸ್ ಬಹುತೇಕ ಆಟಗಾರರಿಗೆ ಸಾಕು ಎಂದು ವರ್ತಕರು ಗ್ರಾಹಕರಿಗೆ ಧೈರ್ಯವಾಗಿ ಹೇಳಬಹುದು.

ಗ್ರಾಂ ಉಳಿಯುವುದೆಲ್ಲಿ?

ಹೊರಕವಚಕ್ಕೆ ಹೆಚ್ಚಾಗಿ ಬಳಸುವುದು ಎಬಿಎಸ್ ಪ್ಲಾಸ್ಟಿಕ್. ಅದರ ತೂಕ ಘನ ಸೆಂಟಿಮೀಟರಿಗೆ ಸುಮಾರು 1.05 ಗ್ರಾಂ. 200 ಚದರ ಸೆಂಟಿಮೀಟರ್ ವಿಸ್ತೀರ್ಣದ ಕವಚದ ದಪ್ಪವನ್ನು 1.5 ಮಿಲಿಮೀಟರಿನಿಂದ 1.2ಕ್ಕೆ ಇಳಿಸಿದರೆ 6 ಗ್ರಾಂಗೂ ಹೆಚ್ಚು ಉಳಿಯುತ್ತದೆ. ಆದರೆ ಗೋಡೆ ತೆಳುವಾದಂತೆ ಇಂಜೆಕ್ಷನ್ ಮೋಲ್ಡಿಂಗ್ ಕೆಲಸ ಕಠಿಣವಾಗುತ್ತದೆ. ಕರಗಿದ ಪ್ಲಾಸ್ಟಿಕ್ ತಣಿಯುವ ಮೊದಲೇ ಅಚ್ಚಿನ ಮೂಲೆಮೂಲೆಯನ್ನೂ ತಲುಪಲು ಹೆಚ್ಚಿನ ಒತ್ತಡ ಬೇಕು. ತೆಳುವಾದ ಕವಚ ಬಾಗದಂತೆ ಒಳಮೈಯಲ್ಲಿ ಆಧಾರಪಟ್ಟಿಗಳನ್ನು ಕೊಡಬೇಕು. ರಂಧ್ರವಿರುವ ಕವಚದಲ್ಲಿ ಪ್ಲಾಸ್ಟಿಕ್ ಪ್ರತಿ ರಂಧ್ರವನ್ನೂ ಬಳಸಿ ಹರಿದು ಆಚೆ ಬದಿಯಲ್ಲಿ ಮತ್ತೆ ಕೂಡುತ್ತದೆ; ಆ ಕೂಡುಗೆರೆಯೇ ಮುಂದೆ ಬಿರುಕು ಬಿಡುವ ದುರ್ಬಲ ಸ್ಥಳ. ಅಗ್ಗದ ಹಗುರ ಮೌಸ್‌ಗಳು ಹಿಡಿದಾಗ ಕಿರುಗುಟ್ಟುವುದಕ್ಕೆ ಹಲವು ವೇಳೆ ಇಂತಹ ಅಚ್ಚಿನ ಕೊರತೆಗಳೇ ಕಾರಣ.

ತೂಕ ಇಳಿಸಬಹುದಾದ ಇನ್ನೊಂದು ಭಾಗ ಬ್ಯಾಟರಿ. ಒಂದು ಸಾಮಾನ್ಯ ಎಎ ಆಲ್ಕಲೈನ್ ಸೆಲ್ ಸುಮಾರು 23 ಗ್ರಾಂ ತೂಗುತ್ತದೆ. ಲಾಜಿಟೆಕ್ ಜಿ304 ಮಾದರಿಯ 99 ಗ್ರಾಂ ತೂಕದಲ್ಲಿ ಸುಮಾರು ಕಾಲು ಪಾಲು ಈ ಸೆಲ್ಲಿನದೇ. ಅದೇ ಅಳತೆಯ, ಮರುಚಾರ್ಜ್ ಆಗದ 1.5 ವೋಲ್ಟ್ ಲಿಥಿಯಂ ಸೆಲ್ ಸುಮಾರು 15 ಗ್ರಾಂ ತೂಗುವುದರಿಂದ, ಸೆಲ್ ಬದಲಿಸಿದ ಮಾತ್ರಕ್ಕೆ 8 ಗ್ರಾಂ ಕಡಿಮೆಯಾಗುತ್ತದೆ. ಹೊಸ ಮೌಸ್ ಕೊಳ್ಳಲಾಗದ ಗ್ರಾಹಕರಿಗೆ ಈ ಸಲಹೆ ನೀಡುವ ಅಂಗಡಿಯವರು ಅವರ ವಿಶ್ವಾಸವನ್ನು ಗಳಿಸುತ್ತಾರೆ.

ಮೊದಲು ಆಕಾರ, ಅನಂತರ ತೂಕ

ಚಪ್ಪಲಿಯನ್ನು ತೂಗಿ ಕೊಳ್ಳುವವರಿಲ್ಲ. ಕಾಲಿಗೆ ಹಾಕಿ ನೋಡಿ ಕೊಳ್ಳುತ್ತಾರೆ. ಮೌಸಿಗೂ ಇದೇ ನ್ಯಾಯ. ಹಿಡಿತದಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಅಂಗೈಯನ್ನು ಪೂರ್ತಿ ಊರಿ ಹಿಡಿಯುವವರಿಗೆ ಉಬ್ಬು ಬೆನ್ನಿನ, ಉದ್ದವಾದ ಮೌಸ್ ಹಿತ. ಬೆರಳುಗಳನ್ನು ಮಡಚಿ ಹಕ್ಕಿಯ ಪಂಜದಂತೆ ಹಿಡಿಯುವವರಿಗೆ ಹಿಂಬದಿ ಉಬ್ಬಿ ಮುಂಬದಿ ತಗ್ಗಿರುವ ಆಕಾರ ಒಗ್ಗುತ್ತದೆ. ಬೆರಳ ತುದಿಗಳಿಂದ ಮಾತ್ರ ಹಿಡಿಯುವವರಿಗೆ ಚಿಕ್ಕದು, ಚಪ್ಪಟೆಯಾದುದು ಬೇಕು. ತೂಕದ ಇಳಿಕೆಯಿಂದ ಹೆಚ್ಚು ಲಾಭ ಪಡೆಯುವವರೂ ಇವರೇ. ಎಡಗೈ ಬಳಸುವವರಿಗೆ ಎರಡೂ ಬದಿ ಸಮಾನವಾಗಿರುವ ಮಾದರಿ ಸೂಕ್ತವಾದರೂ, ಪಕ್ಕದ ಗುಂಡಿಗಳು ಯಾವ ಬದಿಯಲ್ಲಿವೆ ಎಂಬುದನ್ನು ನೋಡಿಯೇ ಕೊಡಬೇಕು.

ಒಂದೇ ತೂಕದ ಆರು ಮಾದರಿಗಳ ಬದಲು ಬೇರೆ ಬೇರೆ ಆಕಾರದ ಮೂರು ಮಾದರಿಗಳನ್ನು ಇರಿಸಿ, ಪ್ರತಿಯೊಂದರ ಒಂದು ನಮೂನೆಯನ್ನು ಗ್ರಾಹಕರ ಕೈಗೆ ಕೊಡುವುದು ಉತ್ತಮ. ತೆರೆದ ಪೆಟ್ಟಿಗೆಯಿಂದಾಗುವ ಸಣ್ಣ ನಷ್ಟಕ್ಕಿಂತ ಹಿಂದಿರುಗುವ ಸರಕಿನ ನಷ್ಟ ದೊಡ್ಡದು. ಅಂತರಜಾಲದ ಮಾರಾಟಗಾರರು ಕೊಡಲಾಗದ ಸೌಲಭ್ಯವೂ ಇದೇ ಆಗಿದೆ.

ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆಗಳು

ಮೌಸ್ ಒಂದು ಅಂಗುಲ ಸರಿದಾಗ ಎಷ್ಟು ಹೆಜ್ಜೆಗಳನ್ನು ಎಣಿಸುತ್ತದೆ ಎಂಬುದೇ ಡಿಪಿಐ. 26,000 ಡಿಪಿಐ ಎಂದು ಬರೆದಿರುವ ಮೌಸನ್ನು ಅದೇ ಮಟ್ಟದಲ್ಲಿ ಬಳಸಿದರೆ, 1920 ಬಿಂದುಗಳ ಅಗಲದ ಪರದೆಯನ್ನು ದಾಟಲು ಎರಡು ಮಿಲಿಮೀಟರಿಗಿಂತ ಕಡಿಮೆ ಚಲನೆ ಸಾಕು. ಇಂತಹ ವೇಗದಲ್ಲಿ ಗುರಿಯಿಡುವುದು ಯಾರಿಗೂ ಸಾಧ್ಯವಿಲ್ಲ. ನುರಿತ ಆಟಗಾರರಲ್ಲಿ ಹೆಚ್ಚಿನವರು 400ರಿಂದ 1600 ಡಿಪಿಐ ನಡುವೆ ಆಡುತ್ತಾರೆ. ಆದುದರಿಂದ ಸೆನ್ಸರಿನ ಗರಿಷ್ಠ ಸಂಖ್ಯೆಗಿಂತ ಅದು ವೇಗದ ಚಲನೆಯಲ್ಲಿ ಗುರಿ ತಪ್ಪದಿರುವುದು ಮುಖ್ಯ. ತೈವಾನಿನ ಪಿಕ್ಸ್‌ಆರ್ಟ್ ಸಂಸ್ಥೆಯ ಮೇಲ್ದರ್ಜೆಯ ಸೆನ್ಸರ್‌ಗಳಲ್ಲಿ ಈ ಗುಣವಿದೆ. ಹಲವಾರು ಕಂಪನಿಗಳು ಅವನ್ನೇ ಬಳಸುತ್ತವೆ.

ಇನ್ನೊಂದು ಸಂಖ್ಯೆ ಮೌಸ್ ಕಂಪ್ಯೂಟರಿಗೆ ವರದಿ ಕಳುಹಿಸುವ ವೇಗದ್ದು. 125 ಹರ್ಟ್ಸ್ ಎಂದರೆ 8 ಮಿಲಿಸೆಕೆಂಡಿಗೊಮ್ಮೆ, 1000 ಹರ್ಟ್ಸ್ ಎಂದರೆ 1 ಮಿಲಿಸೆಕೆಂಡಿಗೊಮ್ಮೆ. 144 ಹರ್ಟ್ಸ್ ಪರದೆಯ ಚಿತ್ರ ಬದಲಾಗುವುದೇ ಸುಮಾರು 7 ಮಿಲಿಸೆಕೆಂಡಿಗೊಮ್ಮೆ. ಹಾಗಾಗಿ 125ರಿಂದ 1000ಕ್ಕೆ ಏರುವುದರಲ್ಲಿ ಅರ್ಥವಿದೆ. 8000 ಹರ್ಟ್ಸ್‌ನಿಂದ ಸಾಮಾನ್ಯ ಗ್ರಾಹಕರಿಗೆ ಬರುವುದು ಹೆಚ್ಚಾಗಿ ಬ್ಯಾಟರಿ ಬೇಗ ಬರಿದಾಗುವ ತೊಂದರೆ.

ಖರೀದಿಗೆ ಮುನ್ನ ಪರೀಕ್ಷೆ

ದಾಸ್ತಾನಿಗೆ ಆದೇಶ ನೀಡುವ ಮೊದಲು ಕೆಲವು ಸರಳ ಪರೀಕ್ಷೆಗಳನ್ನು ಅಂಗಡಿಯಲ್ಲಿಯೇ ಮಾಡಬಹುದು. ನಮೂನೆಯನ್ನು ತಕ್ಕಡಿಯಲ್ಲಿಟ್ಟು, ಮುದ್ರಿತ ತೂಕ ಬ್ಯಾಟರಿಯನ್ನು ಸೇರಿಸಿದ್ದೋ ಬಿಟ್ಟದ್ದೋ ತಿಳಿಯಬೇಕು. ಎರಡೂ ಬದಿಗಳನ್ನು ಒತ್ತಿ ಹಿಡಿದಾಗ ಕವಚ ಬಾಗಿ ಪಕ್ಕದ ಗುಂಡಿ ತಾನಾಗಿ ಒತ್ತಿಕೊಳ್ಳಬಾರದು. ಅಲುಗಾಡಿಸಿದಾಗ ಒಳಗೆ ಸದ್ದಾಗಬಾರದು. ಗುಂಡಿಯನ್ನು ಒಂದೊಂದೇ ಬಾರಿ ನೂರು ಸಲ ಒತ್ತಿದಾಗ ಒಮ್ಮೆಯೂ ಎರಡು ಕ್ಲಿಕ್ ದಾಖಲಾಗಬಾರದು. ಸ್ವಿಚ್ಚಿನ ಲೋಹದ ಸಂಪರ್ಕ ಸವೆದಾಗ ಬರುವ ಈ ದೋಷ ವಾರಂಟಿ ದೂರುಗಳಿಗೆ ಸಾಮಾನ್ಯ ಕಾರಣ. ಕರಾವಳಿಯ ವರ್ತಕರು ರಂಧ್ರವಿರುವ ಮಾದರಿಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ವಹಿಸಬೇಕು. ಬೆವರು, ಧೂಳು ಮತ್ತು ತೇವದ ಗಾಳಿ ಒಳಗಿನ ಸರ್ಕ್ಯೂಟನ್ನು ತಲುಪಲು ಅಲ್ಲಿ ದಾರಿ ತೆರೆದೇ ಇರುತ್ತದೆ.

ಕಾಗದಪತ್ರಗಳನ್ನೂ ಗಮನಿಸಬೇಕು. 2.4 ಗಿಗಾಹರ್ಟ್ಸ್ ವೈರ್‌ಲೆಸ್ ಸಾಧನಗಳಿಗೆ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗದ ಅನುಮೋದನೆ ಇರಬೇಕು. 2011ರ ಪೊಟ್ಟಣ ಸರಕುಗಳ ನಿಯಮಗಳಂತೆ ಪೆಟ್ಟಿಗೆಯ ಮೇಲೆ ಆಮದುದಾರರ ಹೆಸರು ಮತ್ತು ವಿಳಾಸ, ತಯಾರಾದ ದೇಶ, ಗರಿಷ್ಠ ಮಾರಾಟ ಬೆಲೆ ಇರಬೇಕು. ಇವಿಲ್ಲದ ಅಗ್ಗದ ಸರಕಿಗೆ ತೆರಿಗೆ ಬಿಲ್ಲೂ ಇಲ್ಲದಿದ್ದರೆ, ಜಿಎಸ್‌ಟಿ ಹೂಡುವಳಿ ಜಮೆಯೂ ಇಲ್ಲ, ವಾರಂಟಿಯ ಆಸರೆಯೂ ಇಲ್ಲ.

ಯಾರಿಗೆ ಯಾವುದು?

ದಿನವಿಡೀ ಹಲವು ಕೈಗಳು ಬಳಸುವ ಗೇಮಿಂಗ್ ಕೇಂದ್ರಗಳಿಗೆ ರಂಧ್ರವಿಲ್ಲದ, ತಂತಿಯಿರುವ, ಮಧ್ಯಮ ಗಾತ್ರದ 70ರಿಂದ 90 ಗ್ರಾಂ ಮೌಸ್ ಯೋಗ್ಯ. ವಿದ್ಯಾರ್ಥಿಗಳಿಗೆ ಮೆದುವಾದ ತಂತಿಯ ಹಗುರ ಮೌಸ್ ಹಣಕ್ಕೆ ತಕ್ಕ ಸರಕು. ಸ್ಪರ್ಧೆಗಳಲ್ಲಿ ಆಡುವವರಿಗೆ 60 ಗ್ರಾಂ ಆಸುಪಾಸಿನ ವೈರ್‌ಲೆಸ್ ಮಾದರಿಗಳಿವೆ. ಅವನ್ನು ಆದೇಶ ಬಂದ ಮೇಲೆ ತರಿಸಿಕೊಡುವುದೇ ಕ್ಷೇಮ. ಭಾರತದಲ್ಲಿ ಆಟಗಾರರ ಬಹುಪಾಲು ಮೊಬೈಲ್ ಫೋನಿನಲ್ಲಿ ಆಡುವವರಾದ್ದರಿಂದ, ದುಬಾರಿ ಮೌಸಿನ ಗಿರಾಕಿಗಳ ಸಂಖ್ಯೆಯನ್ನು ಅತಿಯಾಗಿ ಅಂದಾಜಿಸುವುದು ಬೇಡ.

ಸಣ್ಣ ತಯಾರಕರು ಅಚ್ಚಿನ ದೊಡ್ಡ ವೆಚ್ಚ ಹೊತ್ತು ಇಡೀ ಮೌಸನ್ನೇ ತಯಾರಿಸಲು ಹೊರಡಬೇಕಾಗಿಲ್ಲ. ರಬ್ಬರ್ ತಳದ, ಅಂಚು ಹೊಲಿದ ಬಟ್ಟೆಯ ಪ್ಯಾಡುಗಳು, ಟೆಫ್ಲಾನ್ ಹಾಳೆಯಿಂದ ಕತ್ತರಿಸಿದ ತಳಪಟ್ಟಿಗಳು, ತಂತಿಯನ್ನು ಎತ್ತಿ ಹಿಡಿಯುವ ಆಧಾರಗಳು ಕಡಿಮೆ ಬಂಡವಾಳದಲ್ಲಿ ಆಗುವ ಸರಕುಗಳು. ತಳಪಟ್ಟಿಯೂ ಪ್ಯಾಡೂ ಬಳಸಿದಂತೆ ಸವೆಯುವುದರಿಂದ ಮರುಖರೀದಿಗೆ ಅವಕಾಶವಿದೆ. ಪೀಣ್ಯದಂತಹ ಪ್ರದೇಶಗಳ ಪ್ಲಾಸ್ಟಿಕ್ ಘಟಕಗಳೂ ಸಿದ್ಧ ಉಡುಪಿನ ಘಟಕಗಳೂ ಹತ್ತಿರದ ಮಳಿಗೆಯೊಂದರ ಬೇಡಿಕೆ ತಿಳಿದುಕೊಂಡು, ನೂರಿನ್ನೂರು ನಮೂನೆಗಳಿಂದ ಈ ಕೆಲಸವನ್ನು ಆರಂಭಿಸಿ ನೋಡಬಹುದು.