ನೋವಿನ ಔಷಧ ಮತ್ತು ಮೂತ್ರ ಪರೀಕ್ಷೆ: ಫಲಿತಾಂಶವನ್ನು ಓದುವ ಬಗೆ

ದೀರ್ಘಕಾಲದ ನೋವಿಗಾಗಿ ಮಾರ್ಫೀನ್, ಆಕ್ಸಿಕೋಡೋನ್ ಮುಂತಾದ ಓಪಿಯಾಯ್ಡ್ ಔಷಧ ಸೇವಿಸುವ ಅಮೆರಿಕದ ರೋಗಿಗಳು ಆಗಾಗ ಮೂತ್ರದ ಮಾದರಿ ನೀಡಬೇಕಾಗುತ್ತದೆ. ಬರೆದುಕೊಟ್ಟ ಔಷಧ ದೇಹವನ್ನು ಸೇರಿದೆಯೇ, ಬರೆದುಕೊಡದ ಬೇರೇನಾದರೂ ಸೇರಿದೆಯೇ ಎಂಬುದು ವೈದ್ಯರ ಪ್ರಶ್ನೆ. ಅಫೀಮಿನ ವರ್ಗದ ಔಷಧಗಳು ಹಾಗೂ ಅಕ್ರಮ ಮಾದಕಗಳಿಂದ ಆ ದೇಶದಲ್ಲಿ ಲಕ್ಷಾಂತರ ಮಂದಿ ಮೃತಪಟ್ಟಿರುವಾಗ ಈ ಎಚ್ಚರಿಕೆ ಸಹಜವೇ. ಆದರೆ ಉತ್ತರವನ್ನು ತಪ್ಪಾಗಿ ಓದಿದರೆ ನಿರಪರಾಧಿ ರೋಗಿಯ ಔಷಧವೇ ನಿಂತುಹೋಗುತ್ತದೆ.

ಮೊದಲ ಹಂತದಲ್ಲಿ ನಡೆಯುವುದು ಪ್ರತಿಕಾಯ ಆಧಾರಿತ ಪರೀಕ್ಷೆ. ಖರ್ಚು ಕಡಿಮೆ, ಫಲಿತಾಂಶ ಶೀಘ್ರ. ಸಾಮಾನ್ಯ 'ಓಪಿಯೇಟ್' ಪರೀಕ್ಷೆಯನ್ನು ರೂಪಿಸಿರುವುದು ಮಾರ್ಫೀನನ್ನು ಗುರುತಿಸಲೆಂದು. ದೇಹದೊಳಗೆ ಮಾರ್ಫೀನ್ ಆಗಿ ಮಾರ್ಪಡುವ ಕೊಡೀನ್, ಹೆರಾಯಿನ್‌ಗಳೂ ಅದರಲ್ಲಿ ಸಿಕ್ಕಿಬೀಳುತ್ತವೆ. ಆಕ್ಸಿಕೋಡೋನ್ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ಫೆಂಟನಿಲ್, ಮೆಥಡೋನ್‌ಗಳಂತೂ ಕಾಣುವುದೇ ಇಲ್ಲ, ಅವುಗಳಿಗೆ ಪ್ರತ್ಯೇಕ ಪರೀಕ್ಷೆ ಬೇಕು. ಹೀಗಾಗಿ ಆಕ್ಸಿಕೋಡೋನನ್ನು ತಪ್ಪದೆ ನುಂಗಿದ ರೋಗಿಯ ಫಲಿತಾಂಶವೂ 'ನೆಗೆಟಿವ್' ಬರಬಹುದು. ಇದನ್ನರಿಯದ ವೈದ್ಯರು ರೋಗಿ ಮಾತ್ರೆಗಳನ್ನು ಮಾರಿಕೊಂಡಿರಬೇಕೆಂದು ಶಂಕಿಸಬಹುದು. ಇನ್ನೊಂದೆಡೆ, ಲಿವೋಫ್ಲಾಕ್ಸಸಿನ್‌ನಂಥ ಪ್ರತಿಜೀವಕ ಸೇವಿಸಿದವರಲ್ಲಿ ಸುಳ್ಳು 'ಪಾಸಿಟಿವ್' ಬರುವುದುಂಟು.

ಇಂಥ ಸಂಶಯ ನಿವಾರಣೆಗೆ ಮಾಸ್ ಸ್ಪೆಕ್ಟ್ರೋಮೆಟ್ರಿ ಎಂಬ ಎರಡನೆಯ ಪರೀಕ್ಷೆಯಿದೆ. ಅದು ಪ್ರತಿ ವಸ್ತುವನ್ನೂ ಬಿಡಿಬಿಡಿಯಾಗಿ ಗುರುತಿಸುತ್ತದೆ. ಅಲ್ಲಿಯೂ ತಿಳಿವಳಿಕೆ ಬೇಕು. ಹೈಡ್ರೋಕೋಡೋನ್ ದೇಹದಲ್ಲಿ ಭಾಗಶಃ ಹೈಡ್ರೋಮಾರ್ಫೋನ್ ಆಗುವುದರಿಂದ, ಎರಡೂ ಕಂಡವು ಎಂದ ಮಾತ್ರಕ್ಕೆ ರೋಗಿ ಕದ್ದು ಇನ್ನೊಂದು ಮಾತ್ರೆ ನುಂಗಿದ್ದಾನೆಂದು ಅರ್ಥವಲ್ಲ. ಎಷ್ಟು ಮಾತ್ರೆ ನುಂಗಿದನೆಂಬುದನ್ನು ಮಾತ್ರ ಯಾವ ಮೂತ್ರ ಪರೀಕ್ಷೆಯೂ ಹೇಳಲಾರದು.

ಕನ್ನಡಿಗರ ಅಡುಗೆಮನೆಗೂ ಈ ವಿಷಯಕ್ಕೂ ನಂಟುಂಟು. ಗಸಗಸೆ ಅಫೀಮು ಗಿಡದ ಬೀಜ. ಕಾಯಿಯ ಹಾಲು ತಗುಲಿ ಅದರ ಮೇಲೆ ಅಲ್ಪ ಪ್ರಮಾಣದ ಮಾರ್ಫೀನ್, ಕೊಡೀನ್ ಉಳಿದಿರುತ್ತದೆ. ಇದೇ ಕಾರಣಕ್ಕೆ ಅಮೆರಿಕದ ಕೇಂದ್ರ ಸರ್ಕಾರ 1998ರಲ್ಲಿ ತನ್ನ ನೌಕರರ ಪರೀಕ್ಷೆಯ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೋಗ್ರಾಂನಿಂದ 2000ಕ್ಕೆ ಏರಿಸಿತು. 2023ರಲ್ಲಿ ಅಲ್ಲಿನ ರಕ್ಷಣಾ ಇಲಾಖೆ ಗಸಗಸೆಯಿಂದ ದೂರವಿರುವಂತೆ ಸೈನಿಕರಿಗೆ ಸೂಚಿಸಿತು. ದೃಢೀಕರಣ ಪರೀಕ್ಷೆಯೂ ಇಲ್ಲಿ ಅಷ್ಟಾಗಿ ನೆರವಾಗದು. ಕಂಡದ್ದು ನಿಜವಾದ ಮಾರ್ಫೀನೇ ತಾನೆ! ಅಲ್ಲಿ ನೆಲೆಸಿ ಇಂಥ ಚಿಕಿತ್ಸೆ ಪಡೆಯುತ್ತಿರುವವರು ಹಬ್ಬದ ಗಸಗಸೆ ಪಾಯಸ ಉಂಡಿದ್ದರೆ ಮಾದರಿ ಕೊಡುವ ಮುನ್ನವೇ ಹೇಳಿಬಿಡುವುದು ಲೇಸು.

ಪರೀಕ್ಷೆಯ ಹಿಂದೆ ಹಣದ ಲೆಕ್ಕವೂ ಇದೆ. ಅನಗತ್ಯ ಪರೀಕ್ಷೆಗಳಿಗೆ ಸರ್ಕಾರಿ ವಿಮೆಯಿಂದ ಹಣ ಪಡೆದ ಆರೋಪವೂ ಸೇರಿದ ಪ್ರಕರಣಗಳನ್ನು ಬಗೆಹರಿಸಿಕೊಳ್ಳಲು ಮಿಲೇನಿಯಂ ಹೆಲ್ತ್ ಎಂಬ ಪ್ರಯೋಗಾಲಯ ಸಂಸ್ಥೆ 2015ರಲ್ಲಿ 25.6 ಕೋಟಿ ಡಾಲರ್ ತೆರಲು ಒಪ್ಪಿತು.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ 2016ರಲ್ಲಿ ಚಿಕಿತ್ಸೆಗೆ ಮುನ್ನ ಹಾಗೂ ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ನಡೆಸಲು ಶಿಫಾರಸು ಮಾಡಿತ್ತು. 2022ರ ಪರಿಷ್ಕೃತ ಮಾರ್ಗಸೂಚಿ ಧ್ವನಿಯನ್ನು ತಗ್ಗಿಸಿತು: ಪರೀಕ್ಷೆಯ ಲಾಭನಷ್ಟವನ್ನು ತೂಗಿನೋಡಬೇಕು, ಅದು ದಂಡನೆಯ ಸಾಧನವಾಗಬಾರದು, ಫಲಿತಾಂಶದ ಮೇಲೆ ರೋಗಿಯನ್ನು ಹೊರಹಾಕಬಾರದು. ಓಪಿಯಾಯ್ಡ್ ಔಷಧವನ್ನು ಹಠಾತ್ತನೆ ನಿಲ್ಲಿಸಿದರೆ ತೀವ್ರ ಹಿಂತೆಗೆತದ ಲಕ್ಷಣಗಳು, ಅಸಹನೀಯ ನೋವು, ಆತ್ಮಹತ್ಯೆಯ ಅಪಾಯ ಎದುರಾಗುತ್ತವೆಂದು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲೇ ಎಚ್ಚರಿಸಿತ್ತು. ಅನಿರೀಕ್ಷಿತ ಫಲಿತಾಂಶ ಬಂದಾಗ ವೈದ್ಯರು ಮೊದಲು ರೋಗಿಯೊಡನೆ ಮಾತನಾಡಿ, ಪ್ರಯೋಗಾಲಯದ ತಜ್ಞರನ್ನು ವಿಚಾರಿಸಬೇಕು. ದೃಢೀಕರಣ ಪರೀಕ್ಷೆ ಮಾಡಿಸುವಂತೆ ರೋಗಿಯೂ ಕೇಳಬಹುದು.