ಹಕ್ಕಿಯ ಕಣ್ಣಿನ ಬಣ್ಣ

ಬೋರ್ನಿಯೋ ದ್ವೀಪದ ಒಂದು ಪುಟ್ಟ ಹಕ್ಕಿಯ ಕಣ್ಣು ಯಾವ ಬಣ್ಣದ್ದೆಂಬುದು ನೂರೆಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಾಲ ಪಕ್ಷಿಶಾಸ್ತ್ರಜ್ಞರಿಗೆ ತಿಳಿದಿರಲಿಲ್ಲ. ಅದು ನಮ್ಮ ತೋಟಗಳಲ್ಲಿ ಗುಂಪುಗೂಡಿ ಗಲಾಟೆ ಮಾಡುವ ಹರಟೆಮಲ್ಲ ಹಕ್ಕಿಯ ದೂರದ ನಂಟ. ಕಂದು ಬಣ್ಣದ ಮೈ, ಕಣ್ಣಿನ ಮೇಲೆ ಅಗಲವಾದ ಕರಿಯ ಪಟ್ಟೆ. ಆದುದರಿಂದ ಅದನ್ನು ಕಪ್ಪು ಹುಬ್ಬಿನ ಹರಟೆಮಲ್ಲ ಎನ್ನಬಹುದು.

1840ರ ದಶಕದಲ್ಲಿ ಜರ್ಮನಿಯ ಭೂವಿಜ್ಞಾನಿ ಕಾರ್ಲ್ ಶ್ವಾನರ್ ಈ ಜಾತಿಯ ಒಂದೇ ಒಂದು ಹಕ್ಕಿಯನ್ನು ಸಂಗ್ರಹಿಸಿದನು. ನೆಪೋಲಿಯನ್ ಚಕ್ರವರ್ತಿಯ ತಮ್ಮನ ಮಗನೂ ಪಕ್ಷಿತಜ್ಞನೂ ಆಗಿದ್ದ ಚಾರ್ಲ್ಸ್ ಲೂಸಿಯನ್ ಬೋನಪಾರ್ಟೆ 1850ರಲ್ಲಿ ಅದಕ್ಕೆ ಶಾಸ್ತ್ರೀಯ ನಾಮವನ್ನು ಕೊಟ್ಟನು. ಆದರೆ ಹಕ್ಕಿ ದೊರೆತ ಸ್ಥಳ ಜಾವಾ ಎಂದು ದಾಖಲಾಗಿತ್ತು. ಶ್ವಾನರ್ ಆ ಕಾಲದಲ್ಲಿ ಬೋರ್ನಿಯೋದಲ್ಲಿದ್ದನೆಂಬುದನ್ನು 1895ರಲ್ಲಿ ಬ್ಯೂಟಿಕೋಫರ್ ಎಂಬ ವಿದ್ವಾಂಸನು ತೋರಿಸಿಕೊಟ್ಟನು. ಒಂದು ಸಣ್ಣ ಚೀಟಿಯ ತಪ್ಪು ಹಕ್ಕಿಯನ್ನು ಬೇರೊಂದು ದ್ವೀಪದಲ್ಲಿ ಕೂರಿಸಿಬಿಟ್ಟಿತ್ತು! ಅನಂತರವೂ ಬಹುಕಾಲ ಆ ಹಕ್ಕಿಯನ್ನು ಜೀವಂತವಾಗಿ ಕಂಡುದಾಗಿ ಯಾರೂ ದಾಖಲಿಸಲಿಲ್ಲ. ಉಳಿದುದು ನೆದರ್ಲೆಂಡ್ಸ್ ದೇಶದ ಲೈಡನ್ ನಗರದ ವಸ್ತುಸಂಗ್ರಹಾಲಯದಲ್ಲಿದ್ದ ಒಂದು ಒಣ ದೇಹ ಮಾತ್ರ.

ಸತ್ತ ಹಕ್ಕಿಯನ್ನು ಕಾಪಿಡುವಾಗ ಕೊಳೆತುಹೋಗುವ ಕಣ್ಣುಗಳನ್ನು ತೆಗೆದುಬಿಡುವರು. ಕಾಲು, ಕೊಕ್ಕುಗಳ ಬಣ್ಣವೂ ಕಾಲಕ್ರಮದಲ್ಲಿ ಮಾಸುತ್ತದೆ. ಲೈಡನ್ನಿನ ಹಕ್ಕಿಗೆ ಹಳದಿಯ ಗಾಜಿನ ಕಣ್ಣನ್ನು ಕೂರಿಸಿದ್ದರು. ಅದು ಕೇವಲ ಊಹೆಯ ಬಣ್ಣ.

2020ರ ಅಕ್ಟೋಬರ್ ತಿಂಗಳಲ್ಲಿ ಇಂಡೋನೇಷ್ಯಾದ ದಕ್ಷಿಣ ಕಾಲಿಮಂತಾನ್ ಪ್ರಾಂತದಲ್ಲಿ ಮುಹಮ್ಮದ್ ಸುರಾಂತೋ, ಮುಹಮ್ಮದ್ ರಿಜ್ಕಿ ಫೌಜಾನ್ ಎಂಬ ಇಬ್ಬರ ಕೈಗೆ ಒಂದು ಅಪರಿಚಿತ ಹಕ್ಕಿ ಸಿಕ್ಕಿತು. ಅವರು ತಮ್ಮ ವಾಸಸ್ಥಳಕ್ಕೆ ಅಷ್ಟೇನೂ ದೂರವಲ್ಲದ ಕಾಡಿನಲ್ಲಿ ಕಾಡುತ್ಪನ್ನಗಳನ್ನು ಆಯುವವರು. ಅಲ್ಲಿಯ ಹಕ್ಕಿಗಳನ್ನು ಚೆನ್ನಾಗಿ ಬಲ್ಲವರು. ಗುರುತು ಹತ್ತದಿದ್ದುದರಿಂದಲೇ ಅವರಿಗೆ ಕುತೂಹಲ ಹುಟ್ಟಿತು. ಅದರ ಛಾಯಾಚಿತ್ರಗಳನ್ನು ತೆಗೆದು, ಹಕ್ಕಿಯನ್ನು ಕಾಡಿಗೇ ಬಿಟ್ಟರು. ಚಿತ್ರಗಳನ್ನು ಪಕ್ಷಿವೀಕ್ಷಕರಿಗೆ ಕಳುಹಿಸಿದರು. ಅವರು ಪುಸ್ತಕಗಳೊಡನೆ ಹೋಲಿಸಿ ನೋಡಿ ಬೆರಗಾದರು. ಆ ಕರಿಯ ಹುಬ್ಬು ಬೇರಾವ ಹಕ್ಕಿಗೂ ಒಪ್ಪುವಂತಿರಲಿಲ್ಲ. ತಜ್ಞರು ಪರಿಶೀಲಿಸಿದ ಮೇಲೆ 2021ರ ಫೆಬ್ರವರಿಯಲ್ಲಿ ಸುದ್ದಿ ಪ್ರಕಟವಾಯಿತು. ಕಣ್ಣು ಹಳದಿಯಲ್ಲ, ಕಡುಗೆಂಪು! ಕಾಲುಗಳೂ ಕಂದಲ್ಲ, ಬೂದು.

ಕೇವಲ ಬಾಯಿಮಾತಿನ ವರ್ಣನೆಯಿಂದ ಇದು ಸಾಧ್ಯವಾಗುತ್ತಿರಲಿಲ್ಲ. ಹುಬ್ಬು, ಕೊಕ್ಕು, ಕಾಲು, ಎದೆಯ ಗೆರೆಗಳು ಸ್ಪಷ್ಟವಾಗಿ ಕಾಣುವ ಚಿತ್ರವಿದ್ದರೆ, ಆ ಊರನ್ನು ಎಂದೂ ಕಾಣದ ತಜ್ಞನೂ ಅದನ್ನು ಪರೀಕ್ಷಿಸಬಲ್ಲನು. ಚಿತ್ರ ಅಂದವಾಗಿಯೇ ಇರಬೇಕೆಂಬ ನಿಯಮವೇನೂ ಇಲ್ಲ.

ಆದರೆ ಕಾಡುಹಕ್ಕಿಯನ್ನು ಕೈಯಲ್ಲಿ ಹಿಡಿಯುವುದು ಅಪಾಯದ ಕೆಲಸ. 1900ರ ಬಳಿಕ ಕಣ್ಮರೆಯಾಗಿದ್ದ, ಜೆರ್ಡನ್ನನ ಹೆಸರನ್ನು ಹೊತ್ತ ಉದ್ದಗಾಲಿನ ನಿಶಾಚರ ಹಕ್ಕಿಯೊಂದು 1986ರಲ್ಲಿ ಆಂಧ್ರಪ್ರದೇಶದ ಕಡಪ ಜಿಲ್ಲೆಯಲ್ಲಿ ಮತ್ತೆ ಸಿಕ್ಕಿತು. ಊರವನೊಬ್ಬನು ರಾತ್ರಿಯಲ್ಲಿ ಹಿಡಿದು ತಂದ ಆ ಹಕ್ಕಿ ಬಂಧನದಲ್ಲಿ ಸತ್ತುಹೋಯಿತು. ಮುಂದೆ ಸಂಶೋಧಕರು ಬೇರೆ ಉಪಾಯವನ್ನು ಹೂಡಿದರು. ಕುರುಚಲು ಕಾಡಿನಲ್ಲಿ ನಯವಾದ ಮಣ್ಣಿನ ಪಟ್ಟಿಗಳನ್ನು ಹರಡಿ ಹೆಜ್ಜೆಗುರುತುಗಳನ್ನು ಹುಡುಕಿದರು. ಪ್ರಾಣಿ ಸುಳಿದೊಡನೆ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮರಾಗಳನ್ನು ಇರಿಸಿದರು. ಕಾಯುವವರಾರೂ ಹತ್ತಿರವಿಲ್ಲದ ಕತ್ತಲಲ್ಲಿ ಹಕ್ಕಿ ತನ್ನ ಪಾಡಿಗೆ ನಡೆದುಹೋಗುವಾಗ ಅದರ ಚಿತ್ರ ಮೂಡುತ್ತಿತ್ತು.